ಮಜಲುಬೀಡಿನ ಫೋಲ್ಡರಿನಲ್ಲಿ ಉಳಿದುಹೋದ ಮೇಲ್

ಪ್ರೀತಿಯ ಮಾಸ್ಟ್ರೇ,

ನೀವು ಹೋದ ಮೇಲೆ ಅಂಗಡಿಯ ಶಟರನ್ನು ಮೊದಲ ಸಲ ಎತ್ತಿದ ದಿನ ನನಗೆ ಚೆನ್ನಾಗಿ ನೆನಪಿದೆ. ಹದಿಮೂರನೆಯ ದಿನದ ಊಟ ಮುಗಿದ ಮರುದಿನ ಅದು. ಕಂಪ್ಯೂಟರಿನ ಮೇಲೆ ನೀವು ಹೊದಿಸಿ ಹೋದ ಟವೆಲ್ ಹಾಗೆಯೇ ಇತ್ತು. ಅದನ್ನು ತೆಗೆದು ಮಡಚಿದೆ, ಮತ್ತೆ ಹೊದಿಸಿದೆ, ಮತ್ತೆ ತೆಗೆದೆ. ಮೇಲ್ ತೆರೆದರೆ, ನೀವು ತೀರಿಕೊಂಡದ್ದು ಗೊತ್ತಿಲ್ಲದೆ ಒಂದು ರಾಶಿ ಬಂದು ಕುಳಿತಿತ್ತು. ಯಾರದೋ ಪರೀಕ್ಷೆಯ ಹಾಲ್ ಟಿಕೆಟ್, ಯಾರದೋ ಪಾಸ್‌ಪೋರ್ಟಿನ ದಿನ, ಇನ್ಯಾರದೋ ಪಿಂಚಣಿಯ ಕಾಗದ. ನಿಮ್ಮ ಸ್ವಂತದ್ದು ಅಂತ ಒಂದೂ ಇರಲಿಲ್ಲ. ಇಷ್ಟು ವರ್ಷ ಊರಿಗೆಲ್ಲ ನಿಮ್ಮ ವಿಳಾಸ ಕೊಟ್ಟು ಕುಳಿತಿರಲ್ಲ, ನಿಮಗೇ ಅಂತ ಯಾರಾದರೂ ಒಂದು ಮೇಲ್ ಬರೆದದ್ದುಂಟೇ?

ಮಡಂತ್ಯಾರಿನಿಂದ ಬಂದು, ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ, ಮೂಡುಬಿದಿರೆಯ ನಿಮ್ಮ ಟೈಪಿಂಗ್ ಕ್ಲಾಸಿನ ಮೆಟ್ಟಿಲು ಹತ್ತಿದ ದಿನ ನನಗೆ ಹತ್ತೊಂಬತ್ತು. ಆಗಲೇ ಟೈಪ್‌ರೈಟರುಗಳು ಮೂಲೆ ಸೇರಿದ್ದವು, ಕಂಪ್ಯೂಟರ್ ಎರಡು ಬಂದಿದ್ದವು. ಕಲಿಯಲು ಬಂದವಳು ಕೆಲಸಕ್ಕೆ ನಿಂತೆ, ನಿಂತವಳು ನಿಂತೇಬಿಟ್ಟೆ. ಅರ್ಜಿಗಳಲ್ಲಿ ಇಮೇಲ್ ವಿಳಾಸ ಅಂತ ಒಂದು ಸಾಲು ಶುರುವಾದದ್ದು ಆ ಕಾಲದಲ್ಲಿ. ಜನ ಆ ಸಾಲನ್ನು ನೋಡಿ ಬೆವರುತ್ತಿದ್ದರು. "ಎಂತ ಹೆದರಿಕೆ ಮಾರಾಯ್ರೇ, ನಮ್ಮದೇ ಹಾಕಿ. ಬಂದರೆ ಹೇಳ್ತೇನೆ" ಎಂದುಬಿಟ್ಟಿರಿ ಒಬ್ಬರಿಗೆ. ಆ ಒಬ್ಬರಿಂದ ಹತ್ತು, ಹತ್ತರಿಂದ ಊರು. ವೇಣೂರಿನಿಂದ, ಬೆಳ್ತಂಗಡಿಯಿಂದ, ಆಚೆ ಬಂಟ್ವಾಳದಿಂದ ಸಹ ಜನ ನಿಮ್ಮ ಇಮೇಲನ್ನು ತಮ್ಮ ಮನೆಯ ಅಂಚೆಪೆಟ್ಟಿಗೆ ಎಂದುಕೊಂಡು ಅರ್ಜಿ ತುಂಬಿದರು. ಅಂಗಡಿಯ ಹೊರಗೆ ಒಂದು ಕರಿಹಲಗೆ ತೂಗಿಸಿ, ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ "ಇಂದು ಮೇಲ್ ಬಂದ ಮನೆಗಳು" ಎಂದು ಬರೆಯುತ್ತಿದ್ದಿರಿ. ಬಸ್ಸು ಇಳಿದವರು ಒಮ್ಮೆ ಕತ್ತೆತ್ತಿ ನೋಡದೆ ಮುಂದೆ ಹೋಗುತ್ತಿರಲಿಲ್ಲ.

ಮನೆ ಹೆಸರೇ ಯಾಕೆ, ಜನರ ಹೆಸರು ಬರೆಯಬಾರದೇ ಎಂದು ನಾನು ಮೊದಲ ವಾರವೇ ಕೇಳಿದ್ದೆ. ನೀವು ಸುಮ್ಮನೆ ಮೇಲಿನ ಹುಡುಕುವ ಜಾಗದಲ್ಲಿ "ಜೈನ್" ಎಂದು ಹೊಡೆದು ತೋರಿಸಿದಿರಿ. ಪರದೆ ತುಂಬಿ, ಕೆಳಗೆ ಎಳೆದಷ್ಟೂ ಮುಗಿಯಲಿಲ್ಲ. "ಶೆಟ್ಟಿ" ಹೊಡೆದಿರಿ, ಅದೂ ಅಷ್ಟೇ. "ಹೆಸರು ಹಿಡ್ಕೊಂಡು ನಮ್ಮ ಊರಲ್ಲಿ ಯಾರನ್ನೂ ಹುಡುಕ್ಲಿಕ್ಕೆ ಆಗುವುದಿಲ್ಲ ಜಲಜ. ಮನೆ ಯಾವುದು ಕೇಳು, ಜನ ತನ್ನಿಂತಾನೆ ಸಿಗ್ತದೆ" ಎಂದಿರಿ. ಹಾಗೆ ಒಂದೊಂದು ಮನೆಗೆ ಒಂದೊಂದು ಫೋಲ್ಡರ್. ಬಂದ ಮೇಲ್ ತೆರೆ, ಯಾವ ಮನೆಯದು ನೋಡು, ಆ ಫೋಲ್ಡರಿಗೆ ಹಾಕು, ಹಲಗೆಯಲ್ಲಿ ಬರೆ. ಇಷ್ಟೇ ನನ್ನ ಕೆಲಸ. ಇಷ್ಟೇ ಅಲ್ಲವೇ ಎಂದುಕೊಂಡಿದ್ದೆ.

ಸುಜಾತಾ ಅಂಗಡಿಯ ಬಾಗಿಲಲ್ಲಿ ನಿಂತು ನಿಮ್ಮನ್ನು ಬೈದ ದಿನವನ್ನು ನಾವಿಬ್ಬರೂ ಆಮೇಲೆ ಒಮ್ಮೆಯೂ ಮಾತಿಗೆ ತರಲಿಲ್ಲ. ವೇಣೂರಿನ ಪಡುಮನೆಯ ಹುಡುಗಿ, ಕನ್ನಡ ಎಂ.ಎ. ಮುಗಿಸಿ ಬಿ.ಎಡ್. ಮಾಡಿದವಳು. ಚಾರ್ಮಾಡಿಯ ಕಡೆಯ ಒಂದು ಶಾಲೆಯಲ್ಲಿ ಸಂದರ್ಶನಕ್ಕೆ ಹೋಗಿ ಬಂದಿದ್ದಳು. ಆಯ್ಕೆಯಾದರೆ ಮೇಲ್ ಮಾಡುತ್ತೇವೆ ಎಂದಿದ್ದರಂತೆ. ಆಗ ಅವಳ ಮನೆಗೆ ಫೋನ್ ಇರಲಿಲ್ಲ. ಒಂದೂವರೆ ತಿಂಗಳು ದಿನ ಬಿಟ್ಟು ದಿನ ಬಂದಳು. ನಾನು ಪಡುಮನೆಯ ಫೋಲ್ಡರ್ ತೆರೆದು, "ಇಲ್ಲ ಮಾರಾಯ್ತಿ, ಬರಲಿಲ್ಲ" ಎನ್ನುತ್ತಿದ್ದೆ. ಕೊನೆಗೆ ಯಾರಿಂದಲೋ ತಿಳಿಯಿತು, ಮೊದಲು ಅವಳಿಗೇ ಕಳಿಸಿದ್ದರು, ಅವಳು ಹಾಜರಾಗದ್ದಕ್ಕೆ ಎರಡನೆಯವರನ್ನು ತೆಗೆದುಕೊಂಡರು ಎಂದು. ಅವತ್ತು ಅವಳು ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿ ಇತ್ತು. ತುಂಬಿದ ಅಂಗಡಿಯಲ್ಲಿ ಮೆಲ್ಲಗೆ ಹೇಳಿದಳು: "ಮಾಸ್ಟ್ರೇ, ನೀವು ಓದದೆ ಬಿಟ್ಟದ್ದು ನನ್ನ ಜೀವನ. ನಿಮಗೆ ಇನ್ನು ಊರಿನವರ ಕಾಗದ ಮುಟ್ಟುವ ಯೋಗ್ಯತೆ ಇಲ್ಲ." ನನಗೆ ಸಿಟ್ಟು ನೆತ್ತಿಗೇರಿತು. ಬಂದೇ ಇಲ್ಲದ ಮೇಲಿಗೆ ಇವರೇನು ಮಾಡಬೇಕು ಎಂದು ಕೇಳಲು ಎದ್ದೆ. ನೀವು ಕೈ ಅಡ್ಡ ಹಿಡಿದು, ಅವಳಿಗೆ "ನನ್ನ ತಪ್ಪು ಮಗಾ" ಎಂದಿರಿ. ಯಾವ ತಪ್ಪು ಎಂದು ನಿಮಗೇ ಆಗ ಗೊತ್ತಿರಲಿಲ್ಲ.

ಅದರ ನಂತರದ ಒಂದು ಬೆಳಿಗ್ಗೆ ನಾನು ಬರುವಾಗ ನೀವು ನನ್ನ ಕುರ್ಚಿಯಲ್ಲಿ ಕುಳಿತಿದ್ದಿರಿ. "ಇನ್ನು ಮೇಲ್ ವಿಂಗಡಿಸುವುದು ನಾನು ನೋಡ್ಕೊಳ್ತೇನೆ. ನೀನು ಹೊರಗಿನ ಟೈಪಿಂಗ್ ನೋಡು" ಎಂದಿರಿ. ಕಣ್ಣಿನ ಆಪರೇಷನ್ ಆಗಿ ಹೆಚ್ಚು ದಿನ ಆಗಿರಲಿಲ್ಲ, ಪರದೆಗೆ ಮೂಗು ತಾಗಿಸಿ ಓದುತ್ತಿದ್ದಿರಿ. ನನಗೆ ಎಷ್ಟು ಬೇಸರವಾಯಿತು ಗೊತ್ತೇ? ಆ ಹುಡುಗಿ ಏನೋ ಹೇಳಿದ್ದಕ್ಕೆ ಇವರು ನನ್ನ ಮೇಲೂ ನಂಬಿಕೆ ಕಳೆದುಕೊಂಡರು ಎಂದು ಮನೆಯಲ್ಲಿ ಅಮ್ಮನೊಡನೆ ಹೇಳಿ ಅತ್ತಿದ್ದೆ. ಒಮ್ಮೆ ನೀವು ಮಧ್ಯಾಹ್ನ ವೇಣೂರಿಗೆ ಹೋಗಿ ಬರ್ತೇನೆ ಎಂದು ಹೊರಟದ್ದೂ, ಸಂಜೆ ಬಂದು ಹಲಗೆ ಒರೆಸಿದ್ದೂ ನೆನಪಿದೆ. ಅಲ್ಲಿಂದ ಮುಂದೆ ನಿಮ್ಮ ಮಾತೇ ಕಡಿಮೆಯಾಯಿತು. ಜನರಿಗೆ ಮೊಬೈಲಿನಲ್ಲೇ ಮೇಲ್ ಬಂದು ಅಂಗಡಿಗೆ ಬರುವವರೂ ಕಡಿಮೆಯಾದರು. ಆದರೆ ಹೊರಗೆ ಆಡಿಕೊಂಡದ್ದು ಬೇರೆ. ಮಾಸ್ಟ್ರು ಒಬ್ಬಳ ಕೆಲಸ ಕಳೆದರು ಎಂಬುದು ನಿಮ್ಮ ಹೆಸರಿನ ಹಿಂದೆ ಅಂಟಿಕೊಂಡೇ ಬಂತು. ನಿಮ್ಮ ಹದಿಮೂರನೆಯ ದಿನ, ಊಟದ ಸಾಲಿನಲ್ಲಿ ಕೂಡ ಒಬ್ಬರು ಅದನ್ನೇ ಹೇಳುತ್ತಿದ್ದರು.

ಟೀಚರಕ್ಕ ನನ್ನನ್ನು ಕರೆದು ಕೂರಿಸಿ ಹೇಳಿದ್ದು ಅದರ ಮರುವಾರ. "ಜಲಜ, ಅವರ ಮೇಲ್ ಮುಚ್ಚಿಬಿಡುವ. ಇನ್ನೊಬ್ಬರ ಕಾಗದ ಇಟ್ಕೊಂಡು ನಾನು ಎಂತ ಮಾಡ್ಲಿ? ಮುಚ್ಚುವ ಮೊದಲು ಯಾರದ್ದು ಉಂಟೋ ಅವರವರಿಗೆ ಕೊಟ್ಟುಬಿಡು." ನಿಮ್ಮ ಹೆಂಡತಿ ಹೇಳಿದ ಮಾತು ಸರಿಯೇ, ಆದರೆ ಇಪ್ಪತ್ತು ವರ್ಷದ ಮೇಲ್ ಒಂದೊಂದಾಗಿ ತೆರೆಯುತ್ತ ಕುಳಿತರೆ ನಾನೂ ನಿಮ್ಮ ಹಿಂದೆಯೇ ಬರಬೇಕಾಗಿತ್ತು. ಈಗ ಎ.ಐ. ಸಹಾಯಕ ಅಂತ ಬಂದಿದೆ ಮಾಸ್ಟ್ರೇ, ನೀವು ಆಸ್ಪತ್ರೆಯಲ್ಲಿರುವಾಗ ಪೇಪರಿನಲ್ಲಿ ಓದಿ "ಇದು ಎಂತ ಹೊಸ ಭೂತ" ಎಂದಿದ್ದಿರಲ್ಲ, ಅದೇ. ಅದಕ್ಕೆ ಮೇಲ್ ಹುಡುಕುವ ಒಂದು ಉಪಕರಣವನ್ನು ಜೋಡಿಸಬಹುದು. ಓದಲು ಮಾತ್ರ ಅನುಮತಿ ಕೊಟ್ಟೆ, ಅಳಿಸಲು ಕಳಿಸಲು ಕೊಡಲಿಲ್ಲ. ಟೀಚರಕ್ಕನ ಎದುರಿಗೇ ಕುಳಿತು ಮಾಡಿದೆ. ನಾವು ಮಾತಾಡುವ ಹಾಗೆ ಕನ್ನಡದಲ್ಲಿ ಕೇಳಿದರೆ ಸಾಕು. ಬೆಳ್ತಂಗಡಿಯ ಒಬ್ಬ ಹೆಂಗಸಿನ ಮಗನ ಜನನ ಪ್ರಮಾಣಪತ್ರ, ಸುಮಾರು ಹತ್ತು ವರ್ಷದ ಹಿಂದೆ, ಮಳೆಗಾಲದಲ್ಲಿ ಬಂದದ್ದಿರಬೇಕು ಎಂದು ಬರೆದೆ. ನಾನು ಬಳೆ ಸರಿಮಾಡಿಕೊಳ್ಳುವುದರೊಳಗೆ ತಂದು ಮುಂದಿಟ್ಟಿತು. ಯಾರು ಕಳಿಸಿದ್ದು, ಯಾವ ದಿನ, ಯಾವ ಫೋಲ್ಡರಿನಲ್ಲಿದೆ, ಎಲ್ಲ.

ಒಂದು ವಾರ ಹೀಗೆ ಹಂಚಿದ ಮೇಲೆ ನನ್ನ ತಲೆಗೆ ಆ ಯೋಚನೆ ಬಂದದ್ದು. ಒಪ್ಪಿಕೊಳ್ಳುತ್ತೇನೆ, ಹೊಳೆದಾಗ ನನಗೆ ಖುಷಿಯೇ ಆಯಿತು. ಸುಜಾತಾಳ ಮೇಲ್ ಬಂದೇ ಇರಲಿಲ್ಲ ಎಂದು ಈಗ ಈ ಯಂತ್ರದಿಂದಲೇ ಹೇಳಿಸಬಹುದಲ್ಲ? ಪ್ರಿಂಟ್ ತೆಗೆದು ವೇಣೂರಿಗೆ ಹೋಗಿ, ನೋಡು ಮಾರಾಯ್ತಿ, ಸತ್ತವರನ್ನು ಇನ್ನಾದರೂ ಬಿಡು ಎನ್ನಬೇಕು. ಆ ಊಟದ ಸಾಲಿನವರಿಗೂ ತೋರಿಸಬೇಕು. ವೇಣೂರು ಪಡುಮನೆ, ಸುಜಾತಾ, ಚಾರ್ಮಾಡಿ ಶಾಲೆಯ ನೇಮಕಾತಿ, ಬಂದಿದೆಯೇ ಎಂದು ಬರೆದೆ. ಪಡುಮನೆಯ ಫೋಲ್ಡರಿನಲ್ಲಿ ಅಂತಹ ಮೇಲ್ ಸಿಗಲಿಲ್ಲ ಎಂದು ಬಂತು. ನಾನು ಕುರ್ಚಿಗೆ ಒರಗಿ ಕುಳಿತೆ. ಅದರ ಕೆಳಗೆ ಇನ್ನೊಂದು ಸಾಲಿತ್ತು: "ಉಳಿದ ಎಲ್ಲ ಫೋಲ್ಡರುಗಳಲ್ಲೂ ಹುಡುಕಲೇ?"

ಹುಡುಕು ಎಂದೆ. ಬೇಡ ಎನ್ನಬಹುದಿತ್ತು. ಮಜಲುಬೀಡು ಎಂಬ ಫೋಲ್ಡರಿನಲ್ಲಿ ಇತ್ತು ಮಾಸ್ಟ್ರೇ. ಅಭಿನಂದನೆಗಳೊಂದಿಗೆ ಶುರುವಾಗಿ, ಮುಂದಿನ ಸೋಮವಾರ ಮೂಲ ದಾಖಲೆಗಳ ಜೊತೆ ಬಂದು ಹಾಜರಾಗಿ ಎಂದು ಮುಗಿಯುವ ನಾಲ್ಕು ಸಾಲು. ಯಾರ ಮಗಳು ಎನ್ನುವಲ್ಲಿ ಅವಳ ತಂದೆಯ ಹೆಸರು, ಅದರ ಮುಂದೆ ಮಜಲುಬೀಡು, ಬಂಟ್ವಾಳ. ಅರ್ಜಿಯಲ್ಲಿ ತಂದೆಯ ವಿವರ ಕೇಳಿದ್ದರು, ಅವಳು ತಂದೆಯ ಮನೆ ಹೆಸರು ತುಂಬಿದ್ದಳು, ಶಾಲೆಯವರು ಅದನ್ನೇ ಎತ್ತಿ ಬರೆದಿದ್ದರು. ಆದರೆ ಸುಜಾತಾಳ ಮನೆಯವರದು ಅಳಿಯಕಟ್ಟು. ಮಕ್ಕಳು ತಾಯಿಯ ಮನೆಯವರು, ತಂದೆಯ ಮನೆ ತಂದೆಯ ಅಕ್ಕತಂಗಿಯರ ಮಕ್ಕಳಿಗೆ. ಮಜಲುಬೀಡು ಅವಳಿಗೆ ನೆಂಟರ ಮನೆ, ಅಷ್ಟೇ. ಸುಜಾತಾ ಎಂಬ ಹೆಸರಿನವರು ಊರಲ್ಲಿ ಎಷ್ಟೋ ಮಂದಿ, ವಿಂಗಡಿಸುವಾಗ ನೋಡುತ್ತಿದ್ದದ್ದು ಮನೆ ಹೆಸರು ಮಾತ್ರ. ನೀವಾಗಿದ್ದರೆ ಆ ಸಾಲು ನೋಡಿದ ಕೂಡಲೇ ಇದು ಪಡುಮನೆಗೆ ಹೋಗಬೇಕಾದದ್ದು ಎನ್ನುತ್ತಿದ್ದಿರಿ. ಅಪ್ಪನ ಮನೆಯೇ ಮಕ್ಕಳ ಮನೆ ಎಂದು ಹುಟ್ಟಿದಂದಿನಿಂದ ತಿಳಿದವಳು ಮಾತ್ರ ಅದನ್ನು ಮಜಲುಬೀಡಿಗೆ ಹಾಕುತ್ತಾಳೆ. ನಮ್ಮ ಅಂಗಡಿಯಲ್ಲಿ ಅಂಥವಳು ಯಾರಿದ್ದರು?

ಆಗಲೂ ನಾನು ತಪ್ಪಿಸಿಕೊಳ್ಳಲು ನೋಡಿದೆ. ಆ ದಿನ ಅಂಗಡಿಯಲ್ಲಿ ಮೇಲ್ ನೋಡುತ್ತಿದ್ದದ್ದು ಯಾರು ಎಂದು ಕೇಳಿದೆ. ಖಚಿತವಾಗಿ ಹೇಳಲಾಗದು, ಆದರೆ ಅದೇ ವಾರ ನಾಲ್ಕು ದಿನಗಳಿಗೆ ಅಂಗಡಿಯ ಮಾಲಕರ ಹೆಸರಿನಲ್ಲಿ ಮಂಗಳೂರಿನ ಒಂದು ಕಣ್ಣಿನ ಆಸ್ಪತ್ರೆಯ ಮೇಲ್ ಇದೆ, ಅವರು ಅಲ್ಲಿದ್ದಿರಬಹುದು ಎಂದಿತು. ತಪ್ಪು ಹೇಳಿದೆ ನೋಡಿ, ನಿಮ್ಮ ಸ್ವಂತದ್ದು ಅಂತ ಒಂದು ಮೇಲ್ ಇತ್ತು. ಅದಕ್ಕೆ ಪಾಪ ಏನು ಗೊತ್ತು, ಕೇಳುತ್ತಿರುವವಳೇ ಆ ದಿನ ಅಲ್ಲಿದ್ದವಳು ಎಂದು? ಬೇರೆ ಏನಾದರೂ ಹುಡುಕಬೇಕೇ ಎಂದು ಮರ್ಯಾದೆಯಿಂದ ಕೇಳಿತು. ಹನ್ನೆರಡು ವರ್ಷ ನಾನು ಆ ಹುಡುಗಿಯನ್ನು ಬೈದುಕೊಂಡು ಓಡಾಡಿದ್ದೆ. ಎಲ್ಲರೆದುರು ನಿಮ್ಮ ಪರ ವಾದ ಮಾಡಿದ್ದೆ. ವಾದ ಮಾಡುವ ಬದಲು ನಾನು ಒಂದು ಸಲ, ಒಂದೇ ಒಂದು ಸಲ, ಪಡುಮನೆ ಬಿಟ್ಟು ಬೇರೆ ಕಡೆ ನೋಡಿದ್ದರೆ...

ಸುಜಾತಾಳಿಗೆ ಸಂಬಂಧಿಸಿದ್ದು ಇನ್ನೇನಿದ್ದರೂ ತೋರಿಸು ಎಂದು ಕೊನೆಗೆ ಕೇಳಿದಾಗ, ಬಂದ ಮೇಲುಗಳಲ್ಲ, ಹೋದ ಮೇಲುಗಳು ಸಿಕ್ಕವು. ನೀವು ಆ ಶಾಲೆಗೆ ಬರೆದವು. ಮೊದಲನೆಯದು ಅವಳು ಅಂಗಡಿಗೆ ಬಂದು ಬೈದು ಹೋದ ಎಂಟನೆಯ ದಿನದ್ದು. "ತಮ್ಮ ಮೇಲ್ ನಮ್ಮಲ್ಲಿಗೆ ಬಂದಿತ್ತು. ವಿಂಗಡಿಸುವಾಗ ನನ್ನಿಂದ ತಪ್ಪಾಗಿ ಬೇರೆ ಮನೆಯ ಫೋಲ್ಡರಿಗೆ ಹೋಗಿದೆ. ಆ ಹುಡುಗಿಯದು ಏನೂ ತಪ್ಪಿಲ್ಲ. ದಯಮಾಡಿ ಇನ್ನೊಂದು ಅವಕಾಶ ಕೊಡಬೇಕು." ಅದಕ್ಕೆ, ಜಾಗ ತುಂಬಿದೆ ಎಂದು ಒಂದು ಸಾಲಿನ ಉತ್ತರ. ಮುಂದಿನ ಜೂನಿನಲ್ಲಿ, ಶಾಲೆ ಶುರುವಾಗುವ ಹೊತ್ತಿಗೆ, ಮತ್ತೊಂದು ಬರೆದಿರಿ. ಅದರ ಮುಂದಿನ ಜೂನಿನಲ್ಲಿ ಇನ್ನೊಂದು. ಹನ್ನೊಂದು ಜೂನು ಮಾಸ್ಟ್ರೇ. ಕನ್ನಡದ ಜಾಗ ಖಾಲಿಯಾಗಿದ್ದರೆ ತಿಳಿಸಿ ಎಂದು. ಎಲ್ಲದರಲ್ಲೂ "ನನ್ನಿಂದ ತಪ್ಪಾಗಿ". ಒಂದರಲ್ಲೂ ನನ್ನ ಹೆಸರಿಲ್ಲ.

ಆ ಹನ್ನೊಂದನ್ನೂ ಓದಿ ಮುಗಿಸಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ನಿಮ್ಮ ಮೇಲೆ ಸಿಟ್ಟು. ಯಾಕೆ ಹೇಳಲಿಲ್ಲ ನನಗೆ? ಹೇಳಿದ್ದರೆ ಕೆಲಸ ಬಿಟ್ಟುಹೋಗುತ್ತೇನೆ ಎಂದುಕೊಂಡಿರಾ? ಹೋಗುತ್ತಿದ್ದೆನೇನೋ. ಅಮ್ಮನಿಗೆ ಕಾಯಿಲೆ, ನನ್ನ ಸಂಬಳವೇ ಮನೆಗೆ ಆಧಾರ ಎಂದು ನಿಮಗೆ ಗೊತ್ತಿತ್ತು. ಸರಿ, ನನಗೆ ಹೇಳಲಿಲ್ಲ. ಅವಳಿಗೆ ಯಾಕೆ ಹೇಳಲಿಲ್ಲ? ಮೇಲ್ ಹೀಗೀಗೆ ಬಂದಿತ್ತು, ಹೀಗೀಗೆ ತಪ್ಪಿತು ಎಂದು ತಿಳಿಯುವ ಹಕ್ಕು ಅವಳಿಗಿರಲಿಲ್ಲವೇ? ಕೆಲಸದ ಕಾಗದ ಕೈಯಲ್ಲಿ ಹಿಡಿದುಕೊಂಡೇ ಹೋಗಿ ಹೇಳುವ ಅಂತ ಇದ್ದಿರಾ? ನನ್ನನ್ನು ಉಳಿಸಲು ಹೋಗಿ ನೀವು ಅವಳಿಗೆ ಎರಡನೆಯ ಸಲ ಅನ್ಯಾಯ ಮಾಡಿದಿರಿ. ಇದನ್ನು ನಿಮ್ಮ ಮುಖ ನೋಡಿ ಹೇಳಬೇಕಿತ್ತು. ಟವೆಲ್ಲಿಗೆ ಹೇಳಿದೆ.

ಮೊನ್ನೆ ಗುರುವಾರ ವೇಣೂರಿಗೆ ಹೋದೆ. ಎಲ್ಲವನ್ನೂ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಸುಜಾತಾ ಬಸ್ಸು ನಿಲ್ಲುವಲ್ಲಿ ಒಂದು ಜೆರಾಕ್ಸ್ ಅಂಗಡಿ ಇಟ್ಟಿದ್ದಾಳೆ, ನೋಟ್ ಪುಸ್ತಕ, ಪೆನ್ನು, ನಕಾಶೆ ಮಾರುತ್ತಾಳೆ. ಕೂದಲು ಅಲ್ಲಲ್ಲಿ ಬಿಳಿಯಾಗಿದೆ. ನನ್ನನ್ನು ನೋಡಿ ಮುಖ ಗಟ್ಟಿ ಮಾಡಿಕೊಂಡಳು. ಮೊದಲ ಹಾಳೆಯನ್ನು ಅವಳ ಕೈಗೆ ಕೊಟ್ಟು, "ಇದನ್ನು ತಪ್ಪು ಫೋಲ್ಡರಿಗೆ ಹಾಕಿದ್ದು ನಾನು. ಮಾಸ್ಟ್ರು ಆ ವಾರ ಮಂಗಳೂರಲ್ಲಿದ್ದರು" ಎಂದೆ. ದಾರಿಯುದ್ದಕ್ಕೂ ಎಷ್ಟೋ ಬಗೆಯಲ್ಲಿ ಜೋಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು ಇಷ್ಟೇ.

ನಾಲ್ಕು ಸಾಲನ್ನು ಅವಳು ಎಷ್ಟು ಹೊತ್ತು ಓದಿದಳೋ. ಆಮೇಲೆ ಮೇಲಿನ ತಾರೀಕಿನ ಮೇಲೆ ಬೆರಳಿಟ್ಟು ಕೇಳಿದಳು.

"ಇದರ ಮರುದಿನ ಹಲಗೆಯಲ್ಲಿ ಮಜಲುಬೀಡು ಅಂತ ಬರ್ದಿದ್ದಿರಾ ಜಲಜಕ್ಕ?"

"ಬರ್ದಿರ್ಬೇಕು. ನೆನಪಿಲ್ಲ."

"ಬರ್ದಿದ್ದಿರಿ. ನಾನು ಓದಿದ್ದೇನೆ. ಹಲಗೆ ಕೆಳಗೇ ನಿಂತಿದ್ದೆ. ಅಪ್ಪನ ಮನೆಯವರಿಗೆ ಎಂತದೋ ಬಂದದ್ದುಂಟು, ಸಿಕ್ಕಿದ್ರೆ ಹೇಳುವ ಅಂತ ಅಂದ್ಕೊಂಡು ಒಳಗೆ ಬಂದು ನಿಮ್ಮತ್ರ ಪಡುಮನೆಗೆ ಉಂಟಾ ಕೇಳಿದೆ." ಹಾಳೆಯಿಂದ ಬೆರಳು ತೆಗೆದು, "ಅವರಿಗೆ ಆಗ್ಲೇ ಅವರದ್ದೇ ಮೇಲ್ ಇತ್ತು. ನಮ್ಮ ಅಂಗಡಿಗೆ ಬರ್ತಿರ್ಲಿಲ್ಲ. ನನಗೆ ಅದೂ ಹೊಳೀಲಿಲ್ಲ" ಎಂದಳು.

ನಮ್ಮ ಅಂಗಡಿ ಎಂದಳು ಮಾಸ್ಟ್ರೇ. ಅವಳು ಅದನ್ನು ಗಮನಿಸಲಿಲ್ಲ. ಅಷ್ಟರಲ್ಲಿ ಒಬ್ಬರು ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸಲು ಬಂದರು, ಎದ್ದು ಮಾಡಿಕೊಟ್ಟಳು. ತಿರುಗಿ ಬಂದು ಜೂನಿನ ಹಾಳೆಗಳನ್ನು ಒಂದೊಂದಾಗಿ ಓದಿದಳು. ಆರನೆಯದೋ ಏಳನೆಯದೋ ಓದುವಾಗ ಹಾಳೆ ಕೆಳಗಿಟ್ಟು, ನೀವು ಅವಳ ಮನೆಗೆ ಹೋದ ವಿಷಯ ಹೇಳಿದಳು. ಅಂಗಳದಲ್ಲಿ ನಿಂತು ಕರೆದಿರಂತೆ. ಇಲ್ಲ ಎಂದು ಒಳಗಿನಿಂದ ಹೇಳಿಸಿದಳಂತೆ. ಅವಳ ಚಪ್ಪಲಿ ಮೆಟ್ಟಿಲ ಮೇಲೇ ಇತ್ತಂತೆ, ನೀವು ಅದನ್ನು ನೋಡಿಯೂ ಸುಮ್ಮನೆ ಹೋದಿರಂತೆ. "ಬಾಯಾರಿಕೆಗೆ ಸಹ ಕೊಡ್ಲಿಲ್ಲ ನಾವು. ಬಿಸಿಲಿತ್ತು" ಎಂದಳು. ಆಮೇಲೆ ನನ್ನನ್ನು ನೇರವಾಗಿ ನೋಡಿದಳು. "ನಿಮ್ಮ ಮೇಲೆ ನನಗೆ ಸಿಟ್ಟು ಬರ್ತಾ ಉಂಟು. ಅದು ಹೋಗ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ." ಹೇಳಬೇಡ ಎಂದೆ. ನಿಜಕ್ಕೂ ಬೇಡವಾಗಿತ್ತು ನನಗೆ.

ಕೊನೆಯ ಹಾಳೆ ಮಡಚುವಾಗ ಅವಳು ಕೇಳಿದಳು, "ಈ ಜೂನಿನಲ್ಲಿ?"

"ಈ ಜೂನಿನಲ್ಲಿ ಅವರು ಆಸ್ಪತ್ರೆಯಲ್ಲಿದ್ದರು."

ಅವಳು ಅಂಗಡಿಯ ಕಂಪ್ಯೂಟರಿನ ಎದುರು ಕುರ್ಚಿ ಎಳೆದು ನನ್ನನ್ನು ಕೂರಿಸಿದಳು. ನಿಮ್ಮ ಮೇಲ್ ಮುಚ್ಚುತ್ತೇವೆ ಎಂದು ನಾನು ಹೇಳಿದ್ದೆ, ಮುಚ್ಚುವ ಮೊದಲು ಅದರಿಂದ ಆ ಶಾಲೆಗೆ ಒಂದು ಕಾಗದ ಹೋಗಬೇಕು ಎಂದಳು. ಟೀಚರಕ್ಕನಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿ, ನಿಮ್ಮ ಮೇಲ್ ತೆರೆದೆ. ಅವಳು ಹಿಂದೆ ನಿಂತು ಹೇಳುತ್ತ ಹೋದಳು, ನಾನು ಟೈಪ್ ಮಾಡುತ್ತ ಹೋದೆ. ಪ್ರತಿ ಜೂನಿನಲ್ಲಿ ತಮಗೆ ಬರೆಯುತ್ತಿದ್ದ ಮಾಸ್ಟ್ರು ಈಗ ಇಲ್ಲ. ಅವರು ಯಾರಿಗಾಗಿ ಬರೆಯುತ್ತಿದ್ದರೋ ಆ ಸುಜಾತಾ ನಾನು. ನನಗೆ ಇನ್ನು ಕೆಲಸ ಬೇಡ. ಅವರು ತಮ್ಮಿಂದ ತಪ್ಪಾಯಿತು ಎಂದು ಬರೆದದ್ದು ಸರಿಯಲ್ಲ, ತಪ್ಪು ಅವರದಾಗಿರಲಿಲ್ಲ. ಇದನ್ನು ತಾವು ಆ ಹಳೆಯ ಕಾಗದಗಳ ಜೊತೆ ಇಟ್ಟುಕೊಳ್ಳಬೇಕು.

ಅಲ್ಲಿಗೆ ಅವಳು ನಿಲ್ಲಿಸಿದಳು. ಮತ್ತೆ ತಪ್ಪು ಯಾರದು ಎಂದು ಕೇಳುತ್ತಾರಲ್ಲ ಎಂದು ನನಗನಿಸಿತು. ನಾನು ನನ್ನ ಹೆಸರು ಬರೆದೆ, ಮನೆ ಹೆಸರು ಸೇರಿಸಿ, ಊರು ಸೇರಿಸಿ. ಸುಜಾತಾ ಬಗ್ಗಿ ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಿದಳು.

"ಕಳಿಸಿ" ಎಂದಳು.

ಕಳಿಸಿದೆ ಮಾಸ್ಟ್ರೇ.

ನಿಮ್ಮ
ಜಲಜ